ಲುಕ್ಸಾನು ಹೇಳಿದರೆ ಹಾನಿ ಬರೆಯುವ ಕಚೇರಿ

ಅಕ್ಟೋಬರ್ ಮಳೆ ನಿಂತು ನಾಲ್ಕು ದಿನ ಆಗಿತ್ತು. ರಾಯಚೂರು ಜಿಲ್ಲೆಯ ಒಂದು ಹೋಬಳಿಯ ನಾಡ ಕಚೇರಿ ಎದುರು ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುತ್ತಿದ್ದೆ. ವರ್ಷದಲ್ಲಿ ಇಂಥ ಒಂದೆರಡು ವಾರ ಬರುತ್ತವೆ, ಆಗ ಓದು ಬಲ್ಲವರು ಯಾರೇ ಇರಲಿ ಪೆನ್ನು ಹಿಡಿಯಲೇಬೇಕು. ಅರವತ್ತು ದಾಟಿದ ಒಬ್ಬ ತಾಯಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಹತ್ತಿಕಾಯಿಗಳನ್ನು ನನ್ನ ಕಾಗದದ ಮೇಲೇ ಸುರುವಿದರು. ಮೇಲಿಂದ ನೋಡಿದರೆ ಒಳ್ಳೆ ಗುಂಡಗೆ, ಹಸಿರಾಗಿ ಇದ್ದವು. ಒಂದನ್ನು ಹೆಬ್ಬೆರಳಿನಿಂದ ಒತ್ತಿ ಬಿಚ್ಚಿದರು. ಒಳಗಿನ ಅರಳೆ ಬೂದಿ ಬಣ್ಣಕ್ಕೆ ತಿರುಗಿ ಅಂಟಂಟಾಗಿತ್ತು, ಬೀಜ ಕಾಯಿಯೊಳಗೇ ಮೊಳಕೆ ಒಡೆದು ಬೆಳ್ಳನೆಯ ಬೇರು ಚಾಚಿತ್ತು.

"ಗಿಡ ಹಸರು ಅದ ಅಂತ ಫೋಟೋ ಹೊಡ್ಕೊಂಡು ಹೋದ್ರು ನೋಡು ಯಪ್ಪಾ. ಕಾಯಿ ಬಿಚ್ಚಿ ನೋಡಲಿಲ್ಲ."

"ಅತಿವೃಷ್ಟಿಯಿಂದ ಹತ್ತಿ ಬೆಳೆಗೆ ಹಾನಿ ಆಗಿರುತ್ತದೆ" ಎಂದು ಬರೆದು, ಓದಿ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಹಾನಿ ಬ್ಯಾಡಪ್ಪ, ಲುಕ್ಸಾನ ಅಂತ ಬರಿ. ಹಾನಿ ಅಂದ್ರ ಏನೋ ಸ್ವಲ್ಪ ಆದಂಗ ಕೇಳಸ್ತದ."

ಕಚೇರಿಯಲ್ಲಿ ಲುಕ್ಸಾನು ನಡೆಯುವುದಿಲ್ಲ ಯವ್ವ, ಹಾನಿ ಅಂತಲೇ ಬರೆಯಬೇಕು ಎಂದು ಸಮಾಧಾನ ಮಾಡಿದೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಎಷ್ಟೋ ವರ್ಷ ಅರ್ಜಿ ಬರೆದಿದ್ದೇನೆ, ಹಾನಿ ಎಂಬ ಪದವನ್ನು ಸಾವಿರ ಸಲವಾದರೂ ಬರೆದಿರಬೇಕು. ಆ ಪದ ಏನನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಏನನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ ಎಂದು ಯೋಚಿಸಿರಲಿಲ್ಲ. ಈಗ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಮಳೆ, ಧೂಳು, ಕಾಲುವೆ ನೀರು ಎಂದು ಒಂದಲ್ಲ ಒಂದು ಪರಿಹಾರದ ಬೇಡಿಕೆ ಎದ್ದೇ ಇದೆ. ಎಲ್ಲ ಬೇಡಿಕೆಯೂ ಕೊನೆಗೆ ಬಂದು ನಿಲ್ಲುವುದು ಈ ಎರಡು ಅಕ್ಷರದ ಮುಂದೆ.

ಲುಕ್ಸಾನು ಅರಬ್ಬಿ ಮೂಲದ ನುಕ್ಸಾನ್. ಉರ್ದು, ಮರಾಠಿಗಳ ದಾರಿಯಲ್ಲಿ ನಮ್ಮ ಬಾಯಿಗೆ ಬಂದು ಮೊದಲಕ್ಷರ ಬದಲಿಸಿಕೊಂಡಿತು. ನಂಬರನ್ನು ಲಂಬರು, ನೋಟೀಸನ್ನು ಲೋಟೀಸು ಮಾಡಿಕೊಂಡ ನಾಲಿಗೆಗೆ ಇದೇನು ಹೊಸದಲ್ಲ. ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಡಳಿತದಲ್ಲಿದ್ದವು. ಕಚೇರಿ, ಕಂದಾಯ, ಬಜಾರದ ಮಾತೆಲ್ಲ ಉರ್ದು ಕಡೆಯಿಂದಲೇ ಬಂದಿದ್ದರಿಂದ ಲುಕ್ಸಾನು ಎಂಬುದು ಹೊಲದ ಮಾತೂ ಹೌದು, ಆಗಿನ ಸರ್ಕಾರದ ಮಾತೂ ಹೌದು. ಬಳ್ಳಾರಿಯ ದಾರಿ ಬೇರೆ. ಅದು ಮದ್ರಾಸು ಆಡಳಿತದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿತು. ಸಿರುಗುಪ್ಪ, ಬಳ್ಳಾರಿ ಕಡೆ ಹೋದಾಗ ನನ್ನ ಕಿವಿಗೆ ಲುಕ್ಸಾನಿಗಿಂತ ನಷ್ಟವೇ ಹೆಚ್ಚು ಬೀಳುತ್ತದೆ. ನೆರೆಯ ತೆಲುಗಿನವರೂ ಬೆಳೆ ಹೋದರೆ ಪಂಟ ನಷ್ಟಂ ಎನ್ನುತ್ತಾರೆ. ಮರಾಠಿಯವರಿಗೆ ಅದು ನುಕಸಾನ. ಸರ್ಕಾರಿ ಕನ್ನಡ ಮಾತ್ರ ಹಾನಿಯನ್ನು ಹಿಡಿದುಕೊಂಡಿದೆ.

ಹಾನಿ ಸಂಸ್ಕೃತದ ಪದ. ಬಿಡು, ತೊರೆ ಎಂಬ ಅರ್ಥದ 'ಹಾ' ಧಾತುವಿನಿಂದ ಹುಟ್ಟಿದ್ದು. ಹೀನ ಎಂಬುದೂ ಅದೇ ಧಾತುವಿನ ಕೂಸು. ಬಿಟ್ಟುಹೋದದ್ದು, ಕಡಿಮೆಯಾದದ್ದು ಹಾನಿ. ಏನೋ ಬಿಟ್ಟುಹೋಗಿ ಉಳಿದದ್ದು ಹೀನ. ನಷ್ಟವೂ ನಾಶವೂ ಅಕ್ಕತಂಗಿಯರು, ಕಾಣೆಯಾಗುವುದು, ಅಳಿಯುವುದು ಎಂಬ ಧಾತುವಿನವು. ಹಾಗೆ ನೋಡಿದರೆ ನಮ್ಮ ಊರಿನವರು 'ಬೆಳಿ ಹೋತು' ಎನ್ನುವುದು ಹಾನಿಯ ಮೂಲಾರ್ಥಕ್ಕೆ ಬಹಳ ಹತ್ತಿರ. ಪದದಲ್ಲಿ ತಪ್ಪಿಲ್ಲ. ಕಡತಕ್ಕೆ ಹೋದ ಮೇಲೆ ಅದಕ್ಕೆ ಆದದ್ದನ್ನು ನೋಡಬೇಕು.

ಪ್ರಾಣಹಾನಿ ಎನ್ನುತ್ತೇವೆ. ಅದರಲ್ಲಿ ಅರ್ಧ, ಕಾಲು ಇಲ್ಲ, ಜೀವ ಹೋಗಿರಬೇಕು. ಮಾನಹಾನಿಯನ್ನು ಶೇಕಡಾವಾರು ಅಳೆಯುವವರಿಲ್ಲ. ಬೀಡಿ ಆರೋಗ್ಯಕ್ಕೆ ಹಾನಿಕರ ಎನ್ನುತ್ತೇವೆ, ಎಷ್ಟು ಬೀಡಿಗೆ ಎಷ್ಟು ಎಂದು ಹೇಳುವುದಿಲ್ಲ. ಬೆಳೆಹಾನಿಗೆ ಮಾತ್ರ ಒಂದು ಅಂಕಿ ಅಂಟಿಕೊಂಡಿದೆ: ಶೇ 33. ವಿಪತ್ತು ಪರಿಹಾರ ನಿಧಿಯ ನಿಯಮದ ಪ್ರಕಾರ ಬೆಳೆಯ ಮೂರನೇ ಒಂದು ಪಾಲಾದರೂ ಹೋಗಿದ್ದರೆ ಮಾತ್ರ ಅದು ಹಾನಿ. 2015ರ ಏಪ್ರಿಲ್‌ವರೆಗೆ ಈ ಗೆರೆ ಶೇ 50ರಲ್ಲಿತ್ತು. ಆ ವರ್ಷ ಉತ್ತರ ಭಾರತದಲ್ಲಿ ಅಕಾಲಿಕ ಮಳೆ, ಆಲಿಕಲ್ಲು ಬಿದ್ದಾಗ ಕೇಂದ್ರ ಸರ್ಕಾರ ಗೆರೆಯನ್ನು 33ಕ್ಕೆ ಇಳಿಸಿತು. ಅಂದರೆ ಹಿಂದಿನ ವರ್ಷ ಶೇ 40ರಷ್ಟು ಜೋಳ ಕಳೆದುಕೊಂಡವನಿಗೆ ಹಾನಿ ಆಗಿರಲಿಲ್ಲ, ಮರುವರ್ಷ ಅಷ್ಟೇ ಕಳೆದುಕೊಂಡವನಿಗೆ ಆಯಿತು. ಹೊಲದಲ್ಲಿ ಏನೂ ಬದಲಾಗಿರಲಿಲ್ಲ, ಪದದ ಅರ್ಥ ಬದಲಾಗಿತ್ತು. ಪದದ ಅರ್ಥಕ್ಕೆ ದುಡ್ಡಿನ ಲೆಕ್ಕ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಗೊತ್ತಿಲ್ಲ.

ಹತ್ತು ಕ್ವಿಂಟಲ್ ಬರಬೇಕಾದ ಕಡೆ ಏಳು ಬಂತು ಎಂದರೆ ಹೋದದ್ದು ಶೇ 30. ಕಡತದ ಪ್ರಕಾರ ಹಾನಿ ಇಲ್ಲ. ಆ ಮೂರು ಕ್ವಿಂಟಲೇ ಬೀಜ, ಗೊಬ್ಬರದ ಅಂಗಡಿಯ ಬಾಕಿ ಆಗಿದ್ದರೂ ಇಲ್ಲ. ಗೆರೆ ದಾಟಿದವರಿಗೆ ಸಿಗುವುದು ಎಷ್ಟು? 2022ರಿಂದ 2026ರ ಅವಧಿಗೆ ಕೇಂದ್ರ ಹಾಕಿಕೊಟ್ಟ ದರದಲ್ಲಿ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. 2025ರ ಮುಂಗಾರಿನ ಮಳೆಹಾನಿಗೆ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರಿಗೆ 8,500 ಸೇರಿಸಿ ಕೊಡುವುದಾಗಿ ಹೇಳಿತು. ಖುಷ್ಕಿಯ ಮೂಲ ದರವನ್ನು ಎಕರೆಗೆ ಇಳಿಸಿದರೆ ಸುಮಾರು 3,440 ರೂಪಾಯಿ. ನಿಯಮದ ಭಾಷೆಯಲ್ಲಿ ಇದರ ಹೆಸರು ಬೆಳೆಯ ಬೆಲೆ ಎಂದಲ್ಲ, ಇನ್‌ಪುಟ್ ಸಬ್ಸಿಡಿ. ಮತ್ತೆ ಬಿತ್ತಲಿಕ್ಕೆ ಒಂದು ಆಸರೆ. ರೈತ ಕೇಳುವುದು ಹೋದದ್ದರ ಬೆಲೆ, ಸರ್ಕಾರ ಕೊಡುವುದು ಮುಂದಿನ ಬಿತ್ತನೆಗೆ ಕೈಸಾಲದಷ್ಟು. ಎರಡಕ್ಕೂ ನಾವು ಬೆಳೆಹಾನಿ ಪರಿಹಾರ ಎಂಬ ಒಂದೇ ಹೆಸರು ಕೊಟ್ಟಿದ್ದರಿಂದ ಪ್ರತಿ ವರ್ಷ ಅದೇ ಜಗಳ, ಅದೇ ನಿರಾಸೆ.

ಈಗ ಆ ತಾಯಿಯ ಹತ್ತಿಗೆ ಬರೋಣ. ಸಮೀಕ್ಷೆಗೆ ಬಂದವರು ಸುಳ್ಳು ಬರೆದರು ಎಂದು ನಾನು ಹೇಳುವುದಿಲ್ಲ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಜಂಟಿಯಾಗಿ ಹೊಲಕ್ಕೆ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಪರಿಹಾರ ತಂತ್ರಾಂಶಕ್ಕೆ ಏರಿಸುತ್ತಾರೆ. ಅವರ ಕಣ್ಣು ಹುಡುಕುವುದು ಮುಳುಗಿದ, ಮಲಗಿದ, ಕೊಚ್ಚಿಹೋದ ಬೆಳೆಯನ್ನು. ಭತ್ತ ಚಾಪೆ ಹಾಸಿದ ಹಾಗೆ ನೆಲಕ್ಕೆ ಬಿದ್ದರೆ ಫೋಟೋದಲ್ಲಿ ಕಾಣುತ್ತದೆ. ಹತ್ತಿಗಿಡ ಮಳೆಗೆ ಬೀಳುವುದಿಲ್ಲ, ಇನ್ನಷ್ಟು ಹಸಿರಾಗುತ್ತದೆ. ಕೆಡುವುದು ಒಳಗೆ. ಕಾಯಿ ಕೊಳೆಯುತ್ತದೆ, ಅರಳೆ ಕಪ್ಪಿಡುತ್ತದೆ. ತೂಕದಲ್ಲಿ ಅಷ್ಟು ಕಡಿಮೆಯಾಗದೆ ಇರಬಹುದು. ಆದರೆ ಮಾರುಕಟ್ಟೆಯಲ್ಲಿ ವ್ಯಾಪಾರಿ ಒಂದು ಹಿಡಿ ಎತ್ತಿ, ಹಿಂಜಿ ನೋಡಿ, ಬಾಯಿಗೆ ಬಂದ ದರ ಹೇಳುತ್ತಾನೆ. ಭಾರತೀಯ ಹತ್ತಿ ನಿಗಮದ ಖರೀದಿ ಕೇಂದ್ರಕ್ಕೆ ಒಯ್ದರೆ ತೇವಾಂಶ ಶೇ 8ರವರೆಗೆ ಪೂರ್ತಿ ಬೆಂಬಲ ಬೆಲೆ, 12ರವರೆಗೆ ಕಡಿತ, ಅದರ ಮೇಲೆ ವಾಪಸ್. ಮಳೆ ತಿಂದ ಹತ್ತಿ ಅಲ್ಲಿ ದಾಟುವುದು ಕಷ್ಟ. ಹೀಗೆ ಬೆಲೆಯಲ್ಲಿ ಹೋದದ್ದು ಇಳುವರಿಯ ಲೆಕ್ಕಕ್ಕೆ ಸಿಗುವುದಿಲ್ಲ. ಲುಕ್ಸಾನು ಎಂಬ ಮಾತಿನಲ್ಲಿ ಮಾತ್ರ ಸಿಗುತ್ತದೆ, ಏಕೆಂದರೆ ಅದು ಬಜಾರದಿಂದ ಬಂದ ಪದ. ಹಾಕಿದ ರೊಕ್ಕ, ಬಂದ ರೊಕ್ಕ, ನಡುವಿನ ಹಳ್ಳ, ಮೂರೂ ಅದರೊಳಗೆ ಇವೆ. ಆ ತಾಯಿ ಪದವನ್ನು ಸರಿಯಾಗಿಯೇ ಆರಿಸಿದ್ದರು.

ಬೆಳೆವಿಮೆಯ ಹಾನಿ ಇನ್ನೊಂದು ಬಗೆ. 2016ರಿಂದ ಇರುವ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯ್ತಿಯೇ ಅಳತೆಯ ಘಟಕ. ಬೆಳೆ ಕಟಾವು ಪ್ರಯೋಗ ಮಾಡಿ ಪಂಚಾಯ್ತಿಯ ಸರಾಸರಿ ಇಳುವರಿ ತೆಗೆಯುತ್ತಾರೆ, ಅದು ಹಿಂದಿನ ವರ್ಷಗಳ ಆಧಾರದ ಮೇಲೆ ಹಾಕಿದ ಮಟ್ಟಕ್ಕಿಂತ ಕೆಳಗಿದ್ದರೆ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ. ಹಳ್ಳದ ದಂಡೆಯ ನಿಮ್ಮ ಹೊಲ ಮುಳುಗಿ ಊರಿನ ಮೇಲುಹೊಲಗಳೆಲ್ಲ ಚೆನ್ನಾಗಿ ಬೆಳೆದಿದ್ದರೆ ಸರಾಸರಿಗೆ ನಿಮ್ಮ ಹೊಲ ಕಾಣುವುದಿಲ್ಲ. ಅದಕ್ಕೆಂದೇ ಆಲಿಕಲ್ಲಿನಂಥ ಸ್ಥಳೀಯ ಅನಾಹುತಕ್ಕೆ, ಕೊಯ್ದು ಹರವಿದ ಬೆಳೆ 14 ದಿನದೊಳಗೆ ನೆನೆದರೆ, ಒಬ್ಬೊಬ್ಬ ರೈತನ ಹೊಲವನ್ನೇ ನೋಡುವ ಅವಕಾಶ ಇಟ್ಟಿದ್ದಾರೆ. 72 ಗಂಟೆಯೊಳಗೆ ತಿಳಿಸಬೇಕು. ಮಳೆ ಬಂದ ಮೂರು ದಿನ ಕರೆಂಟು ಇರುವುದಿಲ್ಲ, ಫೋನು ಸತ್ತಿರುತ್ತದೆ, ಹಳ್ಳ ತುಂಬಿ ದಾರಿ ಬಂದ್ ಆಗಿರುತ್ತದೆ. ಆ ಮೂರು ದಿನವೇ ಗಡುವು.

ಮನೆಗೂ ಶೇಕಡಾ ಇದೆ. ಮಳೆಗೆ ಬಿದ್ದ ಗೋಡೆಯನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ, ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದರೆ ಎ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆ ಒಂದೇ ಸಲ ಬೀಳುವುದಿಲ್ಲ. ಒಳಗೊಳಗೆ ನೆನೆದು, ಸರ್ವೆ ಮುಗಿದು ಬಿಸಿಲು ಬಿದ್ದ ಮೇಲೆ ಬಿರುಕು ಬಿಟ್ಟು ಕುಸಿಯುತ್ತದೆ.

ಇದಿಷ್ಟೂ ಅಳತೆಯ ಮಾತಾಯಿತು. ನನಗೆ ಇದಕ್ಕಿಂತ ಹೆಚ್ಚು ಚುಚ್ಚುವುದು ಈ ಪದದ ಬೆನ್ನಿಗೆ ಬರುವ ಕ್ರಿಯಾಪದ. ಸರ್ಕಾರಿ ಕನ್ನಡದಲ್ಲಿ ಹಾನಿ ಯಾವಾಗಲೂ ಆಗುತ್ತದೆ, ಉಂಟಾಗುತ್ತದೆ, ಸಂಭವಿಸುತ್ತದೆ. ಯಾರೂ ಮಾಡುವುದಿಲ್ಲ. ಮಳೆಯ ವಿಷಯದಲ್ಲಿ ಇದು ಸರಿ, ಮಳೆಯನ್ನು ಯಾರ ತಲೆಗೂ ಕಟ್ಟಲಿಕ್ಕಾಗುವುದಿಲ್ಲ. ಅದೇ ವಾಕ್ಯವನ್ನು ಧೂಳಿಗೆ ಬಳಸಿದಾಗ ಏನಾಗುತ್ತದೆ ನೋಡಿ: "ಧೂಳಿನಿಂದ ಬೆಳೆಗೆ ಹಾನಿ ಉಂಟಾಗಿದೆ." ಈ ವಾಕ್ಯದಲ್ಲಿ ತಪ್ಪಿತಸ್ಥ ಯಾರು? ಧೂಳು. ಆ ಧೂಳನ್ನು ಎಬ್ಬಿಸಿದವರು ವಾಕ್ಯದಿಂದ ಹೊರಗೇ ಉಳಿದರು.

ಕೊಪ್ಪಳದ ಗಿಣಿಗೇರಿ ಸುತ್ತಿನ ಊರುಗಳಿಗೆ ಹೋದರೆ ಇದು ಕಣ್ಣಿಗೆ ಕಾಣುತ್ತದೆ. ಸ್ಪಾಂಜ್ ಐರನ್, ಉಕ್ಕಿನ ಕಾರ್ಖಾನೆಗಳ ಕರಿ ಬೂದಿ ಮಾಳಿಗೆ ಮೇಲೆ, ನೀರಿನ ತೊಟ್ಟಿಯಲ್ಲಿ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಅರಳಿದ ಹತ್ತಿ ಗಿಡದಲ್ಲೇ ಕಪ್ಪಾಗುತ್ತದೆ. ಅಂಗಳ ಗುಡಿಸುತ್ತಿದ್ದ ಒಬ್ಬ ಅಕ್ಕ ನನ್ನ ಮುಂದೆ ಹೊಸ್ತಿಲ ಮೇಲೆ ಬೆರಳು ಎಳೆದು ತೋರಿಸಿದರು. ಬೆರಳ ತುದಿ ಕಾಡಿಗೆ ಅದ್ದಿದ ಹಾಗೆ ಆಗಿತ್ತು. "ಮುಂಜಾನಿ ಕಸಬರಿಗಿ ಹಿಡಿದಿದ್ದೆ ಅಣ್ಣಾ, ಇದು ಎರಡನೇ ಸಲ. ನಮ್ಮನ್ನ ಕೆಡಿಸಿಬಿಟ್ರು." ಕೆಡಿಸಿಬಿಟ್ರು. ಕೆಡು ಎಂಬುದು ನಮ್ಮದೇ ಅಚ್ಚ ಕನ್ನಡದ ಧಾತು, ಅದರಿಂದ ಕೇಡು, ಅದರಿಂದ ಕೆಡಿಸು. ತಾನಾಗಿ ಆಗುವುದಕ್ಕೆ ಒಂದು ರೂಪ, ಮತ್ತೊಬ್ಬರು ಮಾಡುವುದಕ್ಕೆ ಇನ್ನೊಂದು. ಹಾಲು ಕೆಡುತ್ತದೆ, ಊರನ್ನು ಕೆಡಿಸುತ್ತಾರೆ. ಆ ಅಕ್ಕನ ಒಂದು ಕ್ರಿಯಾಪದದಲ್ಲಿ ಮಾಡಿದವರೂ ಇದ್ದರು, ಅನುಭವಿಸಿದವರೂ ಇದ್ದರು. ಅದೇ ಮಾತು ಮನವಿಪತ್ರಕ್ಕೆ ಇಳಿಯುವಾಗ "ಧೂಳಿನಿಂದ ಹಾನಿ ಉಂಟಾಗುತ್ತಿದ್ದು, ಸೂಕ್ತ ಕ್ರಮ ಕೈಗೊಳ್ಳಬೇಕು" ಎಂದಾಗುತ್ತದೆ. ನಾವೇ, ನಮ್ಮ ಕೈಯಾರೆ, ಮಾಡಿದವರನ್ನು ಅಳಿಸಿಹಾಕುತ್ತೇವೆ.

2025ರ ಫೆಬ್ರವರಿ 24ರಂದು ಉಕ್ಕಿನ ಕಾರ್ಖಾನೆ ವಿಸ್ತರಣೆ ವಿರೋಧಿಸಿ ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರೇ ಮುಂದೆ ನಿಂತಿದ್ದರು. ಅಷ್ಟು ಜನ ಬೀದಿಗಿಳಿದದ್ದು 33ರ ಗೆರೆ ದಾಟಿದ್ದಕ್ಕಲ್ಲ. ಕಾರ್ಖಾನೆ ಧೂಳಿಗೆ ಆ ಗೆರೆಯೇ ಇಲ್ಲ. ವಿಪತ್ತು ನಿಧಿಯ ಪಟ್ಟಿಯಲ್ಲಿರುವುದು 12 ಪ್ರಾಕೃತಿಕ ವಿಕೋಪ: ಬರ, ನೆರೆ, ಆಲಿಕಲ್ಲು, ಬೆಂಕಿ, ಕೀಟಬಾಧೆ, ಚಂಡಮಾರುತ, ಭೂಕಂಪ ಹೀಗೆ. ಕೊಪ್ಪಳದವರಿಗೆ ಸುನಾಮಿ ಬಂದರೆ ಪರಿಹಾರವಿದೆ, ಬೂದಿ ಬಂದರೆ ಇಲ್ಲ. ವಿಚಿತ್ರವೆಂದರೆ ಇದರ ತಾಯಿ ಕಾಯ್ದೆಯಾದ 2005ರ ವಿಪತ್ತು ನಿರ್ವಹಣಾ ಕಾಯ್ದೆ ಇಷ್ಟು ಜಿಪುಣ ಅಲ್ಲ. ಪ್ರಕೃತಿಯಿಂದಾಗಲಿ, ಮನುಷ್ಯರಿಂದಾಗಲಿ, ಅಪಘಾತ, ನಿರ್ಲಕ್ಷ್ಯದಿಂದಾಗಲಿ ಬಂದೊದಗಿದ ದೊಡ್ಡ ಅನಾಹುತ ವಿಪತ್ತೇ ಎಂದು ಅದು ಹೇಳುತ್ತದೆ. ಪರಿಸರ ಹಾಳಾಗುವುದನ್ನೂ ಹೆಸರಿಸುತ್ತದೆ. ಕಾಯ್ದೆಯಲ್ಲಿ ಅಗಲವಾಗಿದ್ದ ಅರ್ಥ ದುಡ್ಡು ಬಿಚ್ಚುವ ಪಟ್ಟಿಗೆ ಬರುವಷ್ಟರಲ್ಲಿ ಕಿರಿದಾಯಿತು.

ಧೂಳಿಗೆ ಬೇರೆ ಕಾಯ್ದೆ ಇದೆ. 1981ರ ವಾಯು ಕಾಯ್ದೆ ಮನುಷ್ಯರಿಗೆ ಮಾತ್ರವಲ್ಲ, ಇತರ ಜೀವಿಗಳಿಗೆ, ಗಿಡಗಳಿಗೆ, ಆಸ್ತಿಗೆ ಹಾನಿಕರವಾದದ್ದನ್ನೂ ಮಾಲಿನ್ಯ ಎನ್ನುತ್ತದೆ. ಆದರೆ ಅಳೆಯುವಾಗ ಅಲ್ಲೂ ಗೆರೆ ಬರುತ್ತದೆ: ಗಾಳಿಯಲ್ಲಿನ ದಪ್ಪ ಕಣ ದಿನದ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಸಣ್ಣ ಕಣ 60. "ಮಿತಿಯೊಳಗೆ ಇದೆ" ಎಂಬ ವರದಿ ಬಂದರೆ ಮುಗಿಯಿತು. ಗಾಳಿಯಲ್ಲಿ ತೇಲುವುದನ್ನು ಯಂತ್ರ ಅಳೆಯುತ್ತದೆ, ಹತ್ತಿಯ ಮೇಲೆ ಕೂತದ್ದನ್ನು ಅಳೆಯುವುದಿಲ್ಲ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, ಇವತ್ತು 1,720 ಮೆಗಾವಾಟ್ ಸಾಮರ್ಥ್ಯ. ಅದರ ಬೂದಿಗೆ ಹಾರುಬೂದಿ ಎನ್ನುತ್ತಾರೆ. ಹಾರು ಎಂದರೆ ತಾನಾಗಿ ಹಾರಿದ್ದು ಎಂಬಂತೆ ಆ ಪದವೂ ಕೇಳಿಸುತ್ತದೆ.

ಮಾಡಿದವರನ್ನು ವಾಕ್ಯದೊಳಗೆ ತಂದರೆ ಏನಾಗುತ್ತದೆ ಎಂಬುದನ್ನು ಬಳ್ಳಾರಿ ಕಂಡಿದೆ. ಸಂಡೂರು ಸುತ್ತ ಗಣಿಯ ಕೆಂಧೂಳು ಬೆಳೆ, ಮರ, ಮನೆ ಎಲ್ಲವನ್ನೂ ಒಂದೇ ಬಣ್ಣಕ್ಕೆ ತಂದಿದ್ದ ದಿನಗಳಲ್ಲಿ ಅದನ್ನೂ ಮೊದಮೊದಲು ಧೂಳಿನ ಹಾನಿ ಎಂದೇ ಕರೆಯುತ್ತಿದ್ದರು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ವರದಿಗಳು 2008ರಲ್ಲಿ, 2011ರಲ್ಲಿ ಬಂದವು. ಅಕ್ರಮ ಎಂಬ ಪದ ಊರೂರಿನ ಚಹಾದಂಗಡಿಗೆ ಬಂತು. ಅಕ್ರಮ ತಾನಾಗಿ ಆಗುವುದಿಲ್ಲ, ಅದಕ್ಕೆ ಮಾಡಿದವನು ಬೇಕೇ ಬೇಕು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿ ಗುತ್ತಿಗೆಗಳ ಎ, ಬಿ, ಸಿ ವಿಂಗಡಣೆಯನ್ನು ಒಪ್ಪಿ ಸಿ ವರ್ಗದವನ್ನು ರದ್ದು ಮಾಡಿತು. ಅಲ್ಲೂ ಶೇಕಡಾ ಇತ್ತು: ಗುತ್ತಿಗೆಯ ಗಡಿಯ ಹೊರಗೆ ತೋಡಿದ್ದು ಶೇ 10 ದಾಟಿದ್ದರೆ, ಹೊರಗೆ ಸುರಿದ ತ್ಯಾಜ್ಯ ಶೇ 15 ದಾಟಿದ್ದರೆ ಸಿ. ಆದರೆ ಈ ಸಲ ಶೇಕಡಾ ಅಳೆದದ್ದು ಮಾಡಿದವರನ್ನು, ಅನುಭವಿಸಿದವರನ್ನಲ್ಲ. ಗಣಿಗಾರಿಕೆಯಿಂದ ಬಂದ ದುಡ್ಡನ್ನು ಆ ನೆಲದ ಪುನಶ್ಚೇತನಕ್ಕೇ ಬಳಸಬೇಕು ಎಂದು ಪ್ರತ್ಯೇಕ ವ್ಯವಸ್ಥೆಯೂ ಆಯಿತು. ಆ ದುಡ್ಡು ಹೇಗೆ ಖರ್ಚಾಗುತ್ತಿದೆ ಎಂಬ ತಕರಾರು ಬೇರೆ. ದುಡ್ಡು ಬರಬೇಕು ಎಂದು ತೀರ್ಮಾನವಾಗಿದ್ದು ವಾಕ್ಯ ಬದಲಾದ ಮೇಲೆ.

2015ರಲ್ಲಿ ಗಣಿ ಕಾಯ್ದೆ ತಿದ್ದುಪಡಿಯಾಗಿ ಗಣಿಯವರು ಕಟ್ಟುವ ದುಡ್ಡನ್ನು ಗಣಿ ಸುತ್ತಿನ ಊರುಗಳಿಗೆ ಖರ್ಚು ಮಾಡುವ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಾಗ ಇನ್ನೊಂದು ಪದ ಬಂತು: ಗಣಿ ಬಾಧಿತ ಪ್ರದೇಶ. ಬಾಧೆ ಎಂದರೆ ಕಾಟ, ನೋವು. ಅದು ಒಂದು ದಿನದ್ದಲ್ಲ, ಇರುವಷ್ಟು ದಿನದ್ದು. 2024ರಲ್ಲಿ ಬಂದ ಹೊಸ ಮಾರ್ಗಸೂಚಿಯಲ್ಲಿ ಗಣಿಯಿಂದ 15 ಕಿಲೋಮೀಟರ್ ಒಳಗಿನದು ನೇರ ಬಾಧಿತ, 25ರ ಒಳಗಿನದು ಪರೋಕ್ಷ ಬಾಧಿತ. ಇಲ್ಲಿ ಯಾರೂ ನಿಮ್ಮ ಮೆಣಸಿನಕಾಯಿ ಎಷ್ಟು ಶೇಕಡಾ ಹೋಯಿತು ಎಂದು ಕೇಳುವುದಿಲ್ಲ. ಅಲ್ಲಿ ವಾಸವಿದ್ದೀರಾ ಎಂಬುದೇ ಸಾಕು. ಕಾರ್ಖಾನೆ ಧೂಳಿನ ಊರುಗಳಿಗೆ ಇಂಥ ಒಂದು ಪದ, ಇಂಥ ಒಂದು ನಿಧಿ ಏಕಿಲ್ಲ ಎಂದು ಕೊಪ್ಪಳದವರು ಕೇಳಿದರೆ ಅದರಲ್ಲಿ ಅತಿ ಏನೂ ಇಲ್ಲ.

ಇನ್ನು ತುಂಗಭದ್ರೆಯ ಮಾತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಚೈನು ಕಿತ್ತು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ ಕೆಲಸಗಾರರ ಸಾಹಸವನ್ನು ನಾವೆಲ್ಲ ಟಿವಿಯಲ್ಲಿ ಉಸಿರು ಬಿಗಿಹಿಡಿದು ನೋಡಿದೆವು. ಎಪ್ಪತ್ತು ವರ್ಷ ದಾಟಿದ ಅಣೆಕಟ್ಟು, ಒಟ್ಟು 33 ಗೇಟು, ಹಳೆಯವನ್ನೆಲ್ಲ ಬದಲಿಸಲೇಬೇಕು ಎಂದಾಯಿತು. ಆ ಕೆಲಸಕ್ಕಾಗಿ 2025–26ರಲ್ಲಿ ಎರಡನೇ ಬೆಳೆಗೆ ಕಾಲುವೆ ನೀರು ಬಿಡುವುದಿಲ್ಲ ಎಂದು ತೀರ್ಮಾನಿಸಿದರು. ಗೇಟು ಬದಲಿಸಬಾರದಿತ್ತು ಎನ್ನುವ ರೈತನನ್ನು ನಾನು ಕಂಡಿಲ್ಲ. ಅವರ ಪ್ರಶ್ನೆ ಬೇರೆ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸೀಮೆಯಲ್ಲಿ ಎರಡನೇ ಬೆಳೆ ಎಂದರೆ ಸಾಲ ತೀರಿಸುವ ಬೆಳೆ. ಮೊದಲನೆಯದು ಖರ್ಚಿಗೆ, ಎರಡನೆಯದು ಮನೆಗೆ. ಅದು ಹೋಯಿತು. ಇದು ಹಾನಿಯೋ ಅಲ್ಲವೋ?

ಕಡತದ ಉತ್ತರ ಸಿದ್ಧವಿದೆ. ಬೆಳೆಯೇ ಇಲ್ಲದ ಮೇಲೆ ಬೆಳೆಹಾನಿ ಎಲ್ಲಿಂದ ಬರಬೇಕು? ಸಮೀಕ್ಷೆಗೆ ಹೋದರೆ ಕಾಣುವುದು ಖಾಲಿ ಗದ್ದೆ, ಒಣಗಿದ ಕೂಳೆ. 12 ವಿಕೋಪಗಳ ಪಟ್ಟಿಯಲ್ಲಿ ಕಾಲುವೆ ಬಂದ್ ಎಂಬುದಿಲ್ಲ. ವಿಮೆಯಲ್ಲಿ ಬಿತ್ತಲಾಗದೆ ಹೋದದ್ದಕ್ಕೆ ಒಂದು ಅವಕಾಶ ಇದೆ, ಘಟಕದ ಮುಕ್ಕಾಲು ಪಾಲು ಹೊಲ ಬಿತ್ತನೆಯಾಗದೆ ಉಳಿದರೆ ವಿಮಾ ಮೊತ್ತದ ಶೇ 25 ಸಿಗುತ್ತದೆ. ಆದರೆ ಅದು ಹವಾಮಾನದ ಕಾರಣಕ್ಕೆ ಮಾತ್ರ. ಅಣೆಕಟ್ಟಿನಲ್ಲಿ ಕೆಲಸ ನಡೆದದ್ದು ಹವಾಮಾನ ಅಲ್ಲ. ಮಳೆ ಬರಲಿಲ್ಲ ಎಂದರೆ ಬರ, ನೀರು ಬಿಡಲಿಲ್ಲ ಎಂದರೆ ಅದಕ್ಕೊಂದು ಹೆಸರೇ ಇಲ್ಲ. ಇನ್ನು ಕಾಲುವೆಯ ಕೊನೆಯಂಚಿನವರದು ಪ್ರತಿ ವರ್ಷದ ಪಾಡು. ಮೇಲಿನವರ ಅಕ್ರಮ ಪಂಪ್‌ಸೆಟ್ಟು, ಹೂಳು, ಒಡೆದ ಲೈನಿಂಗು ಎಲ್ಲ ಸೇರಿ ಅವರ ತೂಬಿಗೆ ನೀರು ಬರುವುದೇ ಇಲ್ಲ. ಘಟನೆ ಇಲ್ಲ, ದಿನಾಂಕ ಇಲ್ಲ, ಆದ್ದರಿಂದ ಹಾನಿಯೂ ಇಲ್ಲ.

ನಾಟಿಗೆ ಹೋಗುವ ಹೆಣ್ಣುಮಕ್ಕಳ ಮಾತನ್ನು ಯಾರೂ ಎತ್ತುವುದೇ ಇಲ್ಲ. ಎರಡನೇ ಬೆಳೆ ಇಲ್ಲ ಎಂದರೆ ನಾಟಿ ಇಲ್ಲ, ಕಳೆ ಇಲ್ಲ, ಭತ್ತ ತುಂಬುವ ಹಮಾಲಿ ಇಲ್ಲ. ಅವರ ಹೆಸರಲ್ಲಿ ಪಹಣಿ ಇಲ್ಲ, ಹೊಲ ಇಲ್ಲ. ಲೀಜಿಗೆ ಗದ್ದೆ ಮಾಡಿದವರ ಪಾಡೂ ಅರ್ಧ ಹಾಗೆಯೇ. ಬಂದ ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ, ಬೀಜ ಗೊಬ್ಬರ ಹಾಕಿದವನ ಕೈಗೆ ಬರುವುದು ಮಾಲೀಕನ ಮನಸ್ಸಿನ ಮೇಲೆ ನಿಂತಿದೆ. ಹಾನಿ ಎಂಬ ಪದ ಹೊಲಕ್ಕೆ ಅಂಟಿಕೊಂಡಿದೆ, ಮನುಷ್ಯರಿಗೆ ಅಂಟಿಕೊಂಡಿಲ್ಲ. "ದುಡಿಮಿ ಹೋತು" ಎಂಬ ಅವರ ಮಾತಿಗೆ ನಮೂನೆಯಲ್ಲಿ ಕಲಂ ಇಲ್ಲ.

ಆದ್ದರಿಂದ ನಾನು ಈಗ ಅರ್ಜಿಯನ್ನು ಬೇರೆ ರೀತಿ ಬರೆಯುತ್ತೇನೆ, ಬರೆಯುವ ಬೇರೆಯವರಿಗೂ ಹೇಳುತ್ತೇನೆ. ಹಾನಿ ಎಂಬ ಪದ ಬಿಡುವ ಹಾಗಿಲ್ಲ, ತಂತ್ರಾಂಶ ಅದನ್ನೇ ಓದುತ್ತದೆ. ಆದರೆ ಅದರ ಜೊತೆಗೆ ಮೂರು ಸಂಗತಿ ಸೇರಿಸಬಹುದು: ಹಾಕಿದ ಖರ್ಚು ಎಷ್ಟು, ಯಾವಾಗಿಂದ ನಡೆದಿದೆ, ಮನುಷ್ಯರಿಂದ ಆದದ್ದಾದರೆ ಯಾರಿಂದ. ಹತ್ತಿಯಾದರೆ ಕಾಯಿ ಬಿಚ್ಚಿ ಫೋಟೋ ತೆಗೆಯಿರಿ, ಗಿಡದ್ದಲ್ಲ. ಧೂಳಾದರೆ "ಹಾನಿ ಉಂಟಾಗಿದೆ" ಎಂದು ನಿಲ್ಲಿಸದೆ, ಯಾವ ಚಿಮಣಿ, ಯಾವ ಲಾರಿ ದಾರಿ, ಊರಿನಿಂದ ಎಷ್ಟು ದೂರ, ದಿನದ ಯಾವ ಹೊತ್ತು ಎಂದು ಬರೆಯಿರಿ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲಿ ಪರಿಹಾರ ಕೇಳಲು ಐದು ವರ್ಷದ ಕಾಲಾವಕಾಶ ಇದೆ, ಅಲ್ಲಿ ಈ ದಿನಾಂಕಗಳೇ ಕೈಹಿಡಿಯುತ್ತವೆ.

ಕಳೆದ ಚಳಿಗಾಲದಲ್ಲಿ ಸಿಂಧನೂರು ಕಡೆಯ ಒಂದು ಕ್ಯಾಂಪಿನಲ್ಲಿ ಆರು ಎಕರೆ ಲೀಜಿಗೆ ಮಾಡಿದ ಪರಿಚಯದವನೊಬ್ಬ ಬಂದಿದ್ದ. ಎರಡೂ ಬೆಳೆಗೆ ಸೇರಿಸಿ ಎಕರೆಗೆ ಇಷ್ಟು ಚೀಲ ಎಂದು ಮಾತಾಗಿತ್ತು, ಎರಡನೆಯದು ಇಲ್ಲವಾದರೂ ಮಾಲೀಕರು ಮಾತು ಸಡಿಲಿಸಿರಲಿಲ್ಲ. ಮನವಿ ಬರೆಯಲು ಕೂತೆವು. ಬೆಳೆಯ ಹೆಸರು: ಭತ್ತ. ವಿಸ್ತೀರ್ಣ: ಆರು ಎಕರೆ. ಹಾನಿಯಾದ ದಿನಾಂಕ ಎಂಬಲ್ಲಿ ಪೆನ್ನು ನಿಂತಿತು. ಏನು ಬರೀಲಿ ತಮ್ಮಾ ಎಂದೆ. ಸ್ವಲ್ಪ ಹೊತ್ತು ಬೆರಳು ಎಣಿಸಿ ಹೇಳಿದ: "ಡಿಸೆಂಬರ್ ಎರಡನೇ ವಾರ ಸಸಿಮಡಿ ಹಾಕಬೇಕಿತ್ತಲ್ರಿ ಅಣ್ಣ, ಬೀಜ ತಂದು ಇಟ್ಟಿದ್ದೆ. ಆ ಸೋಮವಾರದ ತಾರೀಕು ಹಾಕ್ರಿ."

ಆ ತಾರೀಕನ್ನೇ ಹಾಕಿದೆ.